ಬಾಲ್ಕನಿಯ ಐದು ನಿಮಿಷ

ಹದಿಮೂರು ವರ್ಷದಲ್ಲಿ ನನ್ನ ಅತ್ತೆ ಒಂದೇ ಒಂದು ಭಾನುವಾರವೂ ನನ್ನ ಕೈಗೆ ಸೌಟು ಕೊಡಲಿಲ್ಲ. ಉಳಿದ ಆರು ದಿನ ಅಡುಗೆಮನೆ ನನ್ನದೇ. ನಾನು ಏನು ಬೇಯಿಸಿದೆ, ಏನು ಸೀಯಿಸಿದೆ ಎಂದು ಅವರು ತಲೆ ಹಾಕಿಯೂ ನೋಡುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಪಾಸ್ತಾಕ್ಕೆ ಟೊಮೇಟೊ ಸಾಸ್ ಮಾಡುವ ಹೊತ್ತಿಗೆ ಮಾತ್ರ ಅವರು ಸೆರಗು ಬಿಗಿದು ಒಲೆಯ ಮುಂದೆ ನಿಂತರೆಂದರೆ ನಾನು ಬೆಳ್ಳುಳ್ಳಿ ಸುಲಿಯುವುದಕ್ಕೂ ಅಪ್ಪಣೆ ಕೇಳಬೇಕು. ಮೂವತ್ತೊಂದು ವರ್ಷ ಕಾರ್ಖಾನೆಯ ಕ್ಯಾಂಟೀನಿನಲ್ಲಿ ದಿನಕ್ಕೆ ನಾನೂರು ಜನರಿಗೆ ಬೇಯಿಸಿ ಹಾಕಿದವರು. ನಿವೃತ್ತಿಯಾದ ಮೇಲೆ ಆ ನಾನೂರು ಜನ ನಾಲ್ಕಕ್ಕೆ ಇಳಿದರೂ ಅವರ ಗತ್ತು ಇಳಿದಿರಲಿಲ್ಲ.

ಅವರು ಸಾಸ್ ಮಾಡುತ್ತಿದ್ದ ರೀತಿ ನನಗೆ ಬಾಯಿಪಾಠ. ಟೊಮೇಟೊ ಚೆನ್ನಾಗಿ ಕಳಿತಿರಬೇಕು, ಒತ್ತಿದರೆ ಬೆರಳು ಇಳಿಯಬೇಕು. ಒಂದೊಂದರ ತಳಕ್ಕೂ ಚಾಕುವಿನಿಂದ ಅಡ್ಡ ಉದ್ದ ಎರಡು ಗೀರು ಹಾಕಿ, ಕುದಿಯುವ ನೀರಿಗೆ ಬಿಟ್ಟು, ಮೂವತ್ತು ಎಣಿಸಿ, ತಣ್ಣೀರಿಗೆ ಹಾಕಬೇಕು. ಆಗ ಸಿಪ್ಪೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಹಣ್ಣನ್ನು ಕೈಯಲ್ಲೇ ಹಿಚುಕಿ ಪಾತ್ರೆಯಲ್ಲಿ ಮುಚ್ಚಿಡಬೇಕು. ಇಷ್ಟನ್ನು ಅವರು ನಾನು ಏಳುವುದರೊಳಗೇ ಮುಗಿಸಿರುತ್ತಿದ್ದರು. ಆಮೇಲೆ ದಪ್ಪ ತಳದ ಪಾತ್ರೆಗೆ ಧಾರಾಳವಾಗಿ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ ಆರು ಎಸಳು. ಬೆಳ್ಳುಳ್ಳಿ ಕೆಂಪಾಗುವ ಮೊದಲು ಹಿಚುಕಿದ ಹಣ್ಣು, ಮೇಲೆ ಉಪ್ಪು, ಅರ್ಧ ಈರುಳ್ಳಿ ಹೆಚ್ಚದೆ ಇಡಿಯಾಗಿ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಎಣ್ಣೆ ಅಂಚಿನಲ್ಲಿ ಕೆಂಪಗೆ ಬಿಟ್ಟುಕೊಂಡರೆ ಆಯಿತು. ಈರುಳ್ಳಿಯನ್ನು ಎತ್ತಿ ಪಕ್ಕಕ್ಕಿಡುವುದು. ಇಷ್ಟೇ. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ ಎಂದೇ ನಾನು ತಿಳಿದಿದ್ದೆ.

ಎಣ್ಣೆ ಬಿಟ್ಟುಕೊಂಡ ಕೂಡಲೇ ಅತ್ತೆ ಕೈ ಒರೆಸಿಕೊಂಡು ಬಾಲ್ಕನಿಗೆ ಹೋಗುತ್ತಿದ್ದರು. ರುಚಿ ಕೂಡ ನೋಡುತ್ತಿರಲಿಲ್ಲ. ಸರಿಯಾಗಿ ಐದು ನಿಮಿಷ. ಪಕ್ಕದ ಮನೆಯ ಬಾಲ್ಕನಿಗೂ ನಮ್ಮದಕ್ಕೂ ನಡುವೆ ಸೊಂಟದೆತ್ತರದ ಗೋಡೆ. ಅಲ್ಲಿ ನರ್ಸಮ್ಮ ಬಟ್ಟೆ ಒಣಹಾಕುತ್ತಾ ನಿಂತಿರುತ್ತಿದ್ದರು. ಆಸ್ಪತ್ರೆ ಬಿಟ್ಟು ಹತ್ತು ವರ್ಷವಾದರೂ ಇಡೀ ಕಟ್ಟಡಕ್ಕೆ ಅವರು ನರ್ಸಮ್ಮನೇ. ಇಬ್ಬರೂ ತಲೆ ಹತ್ತಿರ ತಂದು ಗುಸುಗುಸು. ಗಾಜಿನ ಬಾಗಿಲಿನಿಂದ ನನಗೆ ಅತ್ತೆಯ ಬೆನ್ನು ಕಾಣುತ್ತಿತ್ತು. ಒಮ್ಮೊಮ್ಮೆ ಅವರು ಅಡುಗೆಮನೆಯ ಕಡೆ ತಿರುಗಿ ನೋಡುವರು, ನರ್ಸಮ್ಮ ನಗುವರು. ಗಂಡನ ಮನೆಯಲ್ಲಿ ನಾಲ್ಕು ದಿನ ಬಾಳಿದವಳಿಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಮೇಲೆ ಚಾಡಿ ನಡೆದಿದೆ, ಇನ್ನೇನು?

ಮದುವೆಯಾದ ಮೊದಲ ವರ್ಷವೇ ನಾನು ಆ ಐದು ನಿಮಿಷಕ್ಕೆ ಒಂದು ಕೆಲಸ ಹುಡುಕಿಕೊಂಡೆ. ಅವರು ಅತ್ತ ಹೋದ ಮೇಲೆ ಚಮಚದ ತುದಿಯಲ್ಲಿ ಸಾಸ್ ನೆಕ್ಕಿ ನೋಡಿದರೆ ಹುಳಿ ಮುಂದಾಗಿತ್ತು. ಸಕ್ಕರೆ ಡಬ್ಬಿ ತೆಗೆದು ಒಂದು ಚಮಚ ಹಾಕಿ, ಕಲಕಿ, ಏನೂ ತಿಳಿಯದವಳ ಹಾಗೆ ತಟ್ಟೆ ಜೋಡಿಸುತ್ತಾ ನಿಂತೆ. ಊಟಕ್ಕೆ ಕೂತಾಗ ಮಾವ ಎರಡನೇ ಸಲ ಬಡಿಸಿಕೊಂಡು, "ನಿನ್ನ ಕೈಗೆ ಬಂಗಾರದ ಬಳೆ ಹಾಕಬೇಕು ಕಣೆ" ಎಂದು ಅತ್ತೆಗೆ ಹೇಳಿದರು. ಅತ್ತೆ ಅವರ ತಟ್ಟೆಗೆ ಇನ್ನೊಂದು ಸೌಟು ಸುರಿದರು. ನಾನು ತಲೆ ಬಗ್ಗಿಸಿಕೊಂಡು ಒಳಗೊಳಗೇ ಬೀಗಿದೆ. ಆವತ್ತಿನಿಂದ ಪ್ರತಿ ಭಾನುವಾರ ಇದೇ ಕಳ್ಳತನ. ಡಬ್ಬಿಯ ಮುಚ್ಚಳ ಬಿಗಿ. ತೆಗೆಯುವಾಗ ಟಪ್ಪೆಂದು ಸದ್ದಾಗುತ್ತಿತ್ತು. ಆ ಸದ್ದಿಗೆ ಪ್ರತಿಸಲವೂ ನನ್ನ ಜೀವ ಬಾಯಿಗೆ ಬರುತ್ತಿತ್ತು.

ನಾನು ಕೆಲಸ ಮಾಡುವುದು ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ. ಮೇಣದ ಅಚ್ಚಿನಲ್ಲಿ ಒಂದೊಂದೇ ಹಲ್ಲು ಕೂರಿಸಿ, ಒಸಡಿನ ಬಣ್ಣ ಹೊಂದಿಸಿ, ನುಣ್ಣಗೆ ಉಜ್ಜುವ ಕೆಲಸ. ಮಾವನ ಬಾಯಲ್ಲಿರುವುದೂ ನಾನೇ ಮಾಡಿದ ಸೆಟ್ಟು. ಅದನ್ನು ಹಾಕಿಕೊಂಡ ದಿನ ಅವರು ಕನ್ನಡಿಯ ಮುಂದೆ ಹಲ್ಲು ಕಿರಿದು, "ಸೊಸೆ ನನ್ನನ್ನ ಮದುವೆ ಗಂಡು ಮಾಡಿಬಿಟ್ಟಳು" ಎಂದು ಮನೆಯೆಲ್ಲಾ ಓಡಾಡಿದ್ದರು. ಅತ್ತೆ ಹತ್ತಿರ ಬಂದು, ಅವರ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಬಾಯಿ ಮುಚ್ಚಿದ್ರೆ ಚೆನ್ನಾಗಿದೆ" ಎಂದರು. ಅದು ಅವರಿಗೋ ನನಗೋ ಗೊತ್ತಾಗಲಿಲ್ಲ. ಊರಿಗೆಲ್ಲಾ ಹಲ್ಲು ಕಟ್ಟಿಕೊಡುವ ನನಗೆ ಆ ಮನೆಯಲ್ಲಿ ಬಾಯಿಲ್ಲ ಎಂದು ನಾನು ಎಷ್ಟೋ ಸಲ ಗಂಡನ ಹತ್ತಿರ ಗೊಣಗಿದ್ದುಂಟು. ಅವನು ಬ್ರೆಡ್ಡಿನ ವ್ಯಾನ್ ಓಡಿಸುತ್ತಾನೆ. ಅಮ್ಮನ ವಿಷಯ ಎತ್ತಿದರೆ ಸಾಕು, ವ್ಯಾನಿನ ಬ್ರೇಕ್ ನೋಡಲು ಕೆಳಗಿಳಿದು ಹೋಗುತ್ತಾನೆ.

ಆ ಕೊನೆಯ ಭಾನುವಾರದ ಸಂಗತಿ ಬರೆಯಲು ನನಗೆ ಕೈ ಬರುತ್ತಿಲ್ಲ. ಆದರೂ ಬರೆಯಲೇಬೇಕು. ಹಿಂದಿನ ದಿನ ಲ್ಯಾಬಿನಲ್ಲಿ ಹನ್ನೊಂದು ಗಂಟೆ ಕೂತು ಬೆನ್ನು ಬಿದ್ದುಹೋಗಿತ್ತು. ಬೆಳಿಗ್ಗೆ ಅತ್ತೆ ಎಂದಿನಂತೆ ಬಾಲ್ಕನಿಗೆ ಹೋದರು. ಗಾಜಿನ ಬಾಗಿಲು ಎಂದಿಗಿಂತ ಹೆಚ್ಚು ತೆರೆದಿತ್ತು. "ನಮ್ಮ ಸೊಸೆ" ಎಂಬ ಮಾತು ಕಿವಿಗೆ ಬಿತ್ತು, ಹಿಂದೆಯೇ ನರ್ಸಮ್ಮನ ನಗು. ನನಗೆ ಮೈ ಉರಿದುಹೋಯಿತು. ಹದಿಮೂರು ವರ್ಷ ನಾನು ಅವರ ಹುಳಿ ಸರಿಮಾಡುತ್ತಾ ಬಂದರೆ ಅವರು ಅಲ್ಲಿ ನಿಂತು ನನ್ನನ್ನು ಆಡಿಕೊಂಡು ನಗುತ್ತಾರೆ! ಇವತ್ತು ಅವರ ಸಾಸ್ ಅವರೇ ತಿನ್ನಲಿ ಎಂದು ಕೈಕಟ್ಟಿ ನಿಂತುಬಿಟ್ಟೆ. ಸಕ್ಕರೆ ಡಬ್ಬಿ ಮುಟ್ಟಲಿಲ್ಲ. ಅತ್ತೆ ಅವತ್ತು ತಡವಾಗಿ ಒಳಗೆ ಬಂದರು. ಬಂದವರು ನನ್ನ ಮುಖ ನೋಡಿದರು, ಒಲೆ ಆರಿಸಿದರು.

ಊಟದ ಹೊತ್ತಿಗೆ ಮಾವನ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು, ಅಷ್ಟು ಹುಳಿ. ಅತ್ತೆ ಒಂದು ತುತ್ತು ತಿಂದು, "ಇವತ್ತು ಹುಳಿ ಹಾಗೇ ಉಳ್ಕೊಂತು" ಎಂದರು. ಆಮೇಲೆ ತಟ್ಟೆ ಖಾಲಿ ಮಾಡಿದರು. ಈ ವಾರ ಹಣ್ಣೂ ಹುಳಿ ಇರಬೇಕು, ಅನುಭವಿಸಲಿ ಎಂದುಕೊಂಡು ನಾನು ಒಳಗೊಳಗೇ ಖುಷಿಪಟ್ಟೆ. ಹೌದು, ಖುಷಿಪಟ್ಟೆ. ಬುಧವಾರ ಸಂಜೆ ಅವರು ಕೆಳಗೆ ಟಪಾಲು ಪೆಟ್ಟಿಗೆಗಳ ಹತ್ತಿರ ಕುಸಿದು ಬಿದ್ದರು. ಮೆದುಳಿನಲ್ಲಿ ರಕ್ತಸ್ರಾವ. ಶುಕ್ರವಾರ ಮಧ್ಯಾಹ್ನ ಹೋದರು. ನಡುವೆ ಕಣ್ಣು ಬಿಡಲಿಲ್ಲ, ಮಾತಾಡಲಿಲ್ಲ.

ಅವರು ಹೋದ ದಿನದಿಂದ ಮಾವ ಹಲ್ಲು ಹಾಕಿಕೊಳ್ಳಲಿಲ್ಲ. ಸೆಟ್ಟು ಊಟದ ಮೇಜಿನ ಮೂಲೆಯಲ್ಲಿ ಒಂದು ಪಿಂಗಾಣಿ ಕಪ್ಪಿನೊಳಗೆ ನೀರಿನಲ್ಲಿ ಬಿದ್ದಿತ್ತು. ದಿನಾ ನೀರು ಬದಲಾಯಿಸುವುದು ನನ್ನ ಕೆಲಸವಾಯಿತು. ಗಂಜಿ ಕೊಟ್ಟರೆ ಎರಡು ಚಮಚ, ಸೂಪ್ ಕೊಟ್ಟರೆ ಮೂರು. "ಸಾಕು ಮಗು" ಎನ್ನುವರು. ಹದಿನಾಲ್ಕು ಮಹಡಿಯ ಲಿಫ್ಟನ್ನು ಒಂಟಿಯಾಗಿ ಬಿಚ್ಚಿ ಜೋಡಿಸುತ್ತಿದ್ದ ಮೆಕ್ಯಾನಿಕ್ ಆತ. ಈಗ ಕುರ್ಚಿಯಿಂದ ಏಳಲು ಮೇಜು ಹಿಡಿಯಬೇಕು. ಬೆಲ್ಟಿಗೆ ನಾನು ಲ್ಯಾಬಿನ ಡ್ರಿಲ್ಲಿನಿಂದ ಎರಡು ಹೊಸ ತೂತು ಕೊರೆದುಕೊಟ್ಟೆ. ಏಳನೇ ವಾರ ಡಾಕ್ಟರು ತೂಕ ನೋಡಿ ನನ್ನನ್ನು ಹೊರಗೆ ಕರೆದು, "ಏಳು ಕಿಲೋ ಇಳಿದಿದ್ದಾರೆ. ಹೀಗೇ ಆದ್ರೆ ಅಡ್ಮಿಟ್ ಮಾಡಿ ಮೂಗಿಗೆ ನಳಿಕೆ ಹಾಕ್ಬೇಕಾಗುತ್ತೆ. ಈ ವಯಸ್ಸಲ್ಲಿ ನಳಿಕೆ ಹಾಕಿಸ್ಕೊಂಡೋರು ವಾಪಸ್ ಮನೆ ಊಟಕ್ಕೆ ಬರೋದು ಕಷ್ಟ" ಎಂದರು.

ಅವತ್ತು ಮನೆಗೆ ಬರುವಾಗ ದಾರಿಯಲ್ಲಿ ಮಾವ ತಾವಾಗಿ ಒಂದು ಮಾತು ಕೇಳಿದರು. "ಭಾನುವಾರದ್ದು ಮಾಡ್ತೀಯೇನಮ್ಮ?"

ಏಳು ವಾರದಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಅದೊಂದೇ. ನಾನು ಮೈಯೆಲ್ಲ ಕಣ್ಣಾಗಿ ಮಾಡಿದೆ. ಮೂವತ್ತು ಎಣಿಸಿದೆ, ಸಿಪ್ಪೆ ತೆಗೆದೆ, ಆರು ಎಸಳು, ಅರ್ಧ ಈರುಳ್ಳಿ, ಸಣ್ಣ ಉರಿ, ಕೊನೆಗೆ ಒಂದು ಚಮಚ ಸಕ್ಕರೆ. ಪಾಸ್ತಾವನ್ನು ಮೆತ್ತಗೆ ಬೇಯಿಸಿ, ಸಣ್ಣಗೆ ಕತ್ತರಿಸಿ ಮುಂದಿಟ್ಟೆ. ಮಾವ ಒಂದು ಚಮಚ ಬಾಯಿಗಿಟ್ಟು ಒಸಡಿನಲ್ಲೇ ಹೊರಳಿಸಿ ನುಂಗಿ, "ಚೆನ್ನಾಗಿದೆ ಮಗು" ಎಂದು ತಟ್ಟೆ ತಳ್ಳಿದರು. ಬೈದು ತಟ್ಟೆ ತಳ್ಳಿದ್ದರೆ ತಿರುಗಿ ಬೈಯಬಹುದಿತ್ತು. ಚೆನ್ನಾಗಿದೆ ಎಂದು ತಳ್ಳುವವರನ್ನು ಏನು ಮಾಡುವುದು? ನಾನೂ ತಿಂದು ನೋಡಿದೆ. ಮಕ್ಕಳ ಶರಬತ್ತಿನ ಹಾಗೆ ಬರೀ ಸಿಹಿ, ಸಪ್ಪೆ. ಮುಂದಿನ ವಾರ ಸಕ್ಕರೆ ಬಿಟ್ಟು ಮಾಡಿದೆ. ಸಿಹಿ ಹೋಯಿತು, ಆದರೆ ಜೀವ ಬರಲಿಲ್ಲ. ಅದರ ಮುಂದಿನ ವಾರ ಮೂರು ಅಂಗಡಿ ಸುತ್ತಿ ಬೇರೆ ಹಣ್ಣು ತಂದೆ. ಊಹ್ಞೂಂ. ಮಾವ ಪ್ರತಿಸಲವೂ ಚೆನ್ನಾಗಿದೆ ಎಂದರು, ಪ್ರತಿಸಲವೂ ಒಂದೇ ಚಮಚ.

ನಾಲ್ಕನೇ ಭಾನುವಾರ ಎಣ್ಣೆ ಬಿಟ್ಟುಕೊಳ್ಳುವ ಹೊತ್ತಿಗೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಬಾಲ್ಕನಿಗೆ ಹೋದೆ. ನರ್ಸಮ್ಮ ಅಲ್ಲಿದ್ದರು. ಅತ್ತೆ ತೀರಿಕೊಂಡಾಗ ಬಂದು ಎರಡು ಮಾತಾಡಿಸಿ ಹೋಗಿದ್ದರು. ಆಮೇಲೆ ನಾನೇ ಅವರ ಕಣ್ಣು ತಪ್ಪಿಸಿ ಓಡಾಡುತ್ತಿದ್ದೆ. ಸತ್ತವರ ಬಾಯಿಂದ ನನ್ನ ಬಗ್ಗೆ ಕೇಳಿಸಿಕೊಂಡದ್ದನ್ನೆಲ್ಲಾ ಹೊಟ್ಟೆಯಲ್ಲಿಟ್ಟುಕೊಂಡ ಹೆಂಗಸು. ಅವರ ಮುಂದೆ ಹೇಗೆ ನಿಲ್ಲಲಿ? ತಿರುಗಿ ಒಳಗೆ ಹೋಗುವವಳಿದ್ದೆ.

"ನಿಲ್ಲಮ್ಮ ಸ್ವಲ್ಪ" ಎಂದರು. "ನೀನೂ ಬಂದ್ಯಾ ಬಾಲ್ಕನಿಗೆ? ಹಾಗಾದ್ರೆ ಒಳಗೆ ಡಬ್ಬಿ ತೆಗೆಯೋರು ಯಾರು?"

"ಯಾವ ಡಬ್ಬಿ?" ಎಂದೆ.

"ಸಕ್ಕರೆ ಡಬ್ಬಿ ಕಣೆ. ಟಪ್ ಅಂತ ಸದ್ದು ಮಾಡ್ತಿತ್ತಲ್ಲ. ಆ ಸದ್ದು ಕೇಳಿಸೋವರೆಗೂ ನಿಮ್ಮತ್ತೆ ಇಲ್ಲಿಂದ ಕದಲ್ತಿರ್ಲಿಲ್ಲ. 'ಹಾಂ, ಹಾಕಿದ್ಲು' ಅಂತ ಹೇಳಿ ಒಳಗೆ ಹೋಗೋರು. ನನಗಂತೂ ನಗು ತಡೆಯೋಕಾಗ್ತಿರ್ಲಿಲ್ಲ."

"ಅವರಿಗೆ ಗೊತ್ತಿತ್ತಾ?"

"ಮೊದಲ ದಿನದಿಂದ್ಲೇ. ಅದು ಅವರ ಕ್ಯಾಂಟೀನ್ ಪದ್ಧತಿಯಂತೆ. ಒಲೆ ಮುಂದೆ ನಿಂತೋರ ನಾಲಿಗೆ ಹಬೆಗೆ ಮರಗಟ್ಟಿ ಹೋಗಿರುತ್ತಂತೆ. ಅದಕ್ಕೇ ಮಾಡಿದೋರು ರುಚಿ ನೋಡ್ಬಾರ್ದು, ಪಾತ್ರೆ ಬಿಟ್ಟು ಆಚೆ ಹೋಗ್ಬೇಕು. ಎರಡನೆಯವರು ಬಂದು ಸರಿಮಾಡ್ಬೇಕು. ಏನೇನು ಹಾಕಿದೀವಿ ಅಂತ ಅವರಿಗೆ ಹೇಳಲೂಬಾರ್ದು. ಹೇಳಿದ್ರೆ ನಾಲಿಗೆ ಕಿವಿ ಮಾತು ಕೇಳುತ್ತೆ ಅನ್ನೋರು ನಿಮ್ಮತ್ತೆ." ನರ್ಸಮ್ಮ ಕೈಯಲ್ಲಿದ್ದ ದಿಂಬಿನ ಚೀಲ ಕೊಡವಿ ಹಗ್ಗಕ್ಕೆ ಹಾಕಿದರು. "'ನಮ್ಮ ಸೊಸೆ ಕೈ ಸಿಹಿ ಕಡೆಗೆ ವಾಲುತ್ತೆ, ನಾನು ಮೊದ್ಲೇ ಒಂದಿಷ್ಟು ಹುಳಿ ಜಾಸ್ತಿ ಇಟ್ಟಿರ್ತೀನಿ' ಅಂತಿದ್ರು. ಕಿಟಕಿ ಒರೆಸೋ ವಿನೆಗರ್ ಇದೆಯಲ್ಲ, ಅದ್ರಿಂದ ಎರಡು ಚಮಚ. ನೀನು ಹಾಕ್ತಿದೀಯಾ ತಾನೇ?"

ಸಿಂಕಿನ ಕೆಳಗೆ ಫಿನಾಯಿಲ್ ಪಕ್ಕದಲ್ಲಿದ್ದ ವಿನೆಗರ್ ಬಾಟಲಿ. ಎರಡು ತಿಂಗಳಿಗೊಂದು ಖಾಲಿಯಾಗುತ್ತಿತ್ತು. ನಮ್ಮ ಮನೆಯ ಕಿಟಕಿಗಳ ಧೂಳು ನೋಡಿದವರಿಗೆ ಅದು ಎಲ್ಲಿಗೆ ಹೋಗುತ್ತದೆ ಎಂಬ ಅನುಮಾನ ಬರಬೇಕಿತ್ತು. ನನಗೆ ಬಂದಿರಲಿಲ್ಲ. ಅವರ ತಪ್ಪನ್ನು ನಾನು ತಿದ್ದುತ್ತಿದ್ದೇನೆ ಎಂದು ಮೆರೆಯುತ್ತಿದ್ದೆ. ಅದು ನನಗಾಗಿಯೇ ತೆಗೆದಿಟ್ಟ ತಪ್ಪು.

ಕೇಳಬಾರದು ಎನ್ನಿಸಿದರೂ ಕೇಳಿದೆ. "ಕೊನೇ ಭಾನುವಾರ... ಅವತ್ತು ಏನಂದ್ರು?"

ನರ್ಸಮ್ಮ ನನ್ನನ್ನೇ ನೋಡಿದರು. ಅವರಿಗೆ ನೆನಪಿತ್ತು. "ಅವತ್ತು ತುಂಬಾ ಹೊತ್ತು ನಿಂತಿದ್ರು. ಕಾಲು ಗಂಟೆ ಆಗಿರಬೇಕು. ಡಬ್ಬಿ ಸದ್ದೇ ಬರ್ಲಿಲ್ಲ. ಒಳಗೆ ಹೋಗಿ ನೀವೇ ಹಾಕಿ ಅಂದೆ. 'ಬೇಡ, ಅವಳ ಕೆಲಸ ನಾನು ಯಾಕೆ ಕಿತ್ಕೊಳ್ಳಲಿ? ನಿನ್ನೆ ಹನ್ನೊಂದು ಗಂಟೆ ಕೂತು ಬಂದಿದಾಳೆ, ಪಾಪ. ಇವತ್ತು ಹುಳೀನೇ ತಿಂದ್ರಾಯ್ತು' ಅಂದ್ರು."

ನಾನು ಆ ಗಿಡ್ಡ ಗೋಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಆಸ್ಪತ್ರೆಯಲ್ಲಿ ಅಳು ಬಂದಿರಲಿಲ್ಲ, ಮಣ್ಣು ಮಾಡಿ ಬಂದ ದಿನವೂ ಬಂದಿರಲಿಲ್ಲ. ಒಂದು ಚಮಚ ಸಕ್ಕರೆಗಾಗಿ ಕಾಲು ಗಂಟೆ ಬಿಸಿಲಿನಲ್ಲಿ ನಿಂತಿದ್ದರು. ನಾನು ಒಳಗೆ ಕೈಕಟ್ಟಿಕೊಂಡು ಹಲ್ಲು ಕಡಿಯುತ್ತಿದ್ದೆ. ಇದನ್ನು ಯಾರ ಹತ್ತಿರ ಹೋಗಿ ತಪ್ಪಾಯಿತು ಎನ್ನಲಿ? ನರ್ಸಮ್ಮ ಒದ್ದೆ ಕೈಯನ್ನು ನನ್ನ ಬೆನ್ನ ಮೇಲಿಟ್ಟು, "ತಳ ಹಿಡಿಯುತ್ತೆ, ಹೋಗು" ಎಂದರು.

ಒಳಗೆ ಹೋಗಿ ಸಿಂಕಿನ ಕೆಳಗಿನಿಂದ ಬಾಟಲಿ ತೆಗೆದು ಎರಡು ಚಮಚ ವಿನೆಗರ್ ಹಾಕಿದೆ. ಆಮೇಲೆ ಒಂದು ಚಮಚ ಸಕ್ಕರೆ. ಅತ್ತೆಯ ಪಾಲು, ನನ್ನ ಪಾಲು, ಎರಡೂ ಒಂದೇ ಕೈಯಿಂದ ಬಿದ್ದವು. ಕಲಕಿ ರುಚಿ ನೋಡಿದೆ. ಹುಳಿಯೋ ಸಿಹಿಯೋ ಒಂದೂ ತಿಳಿಯಲಿಲ್ಲ. ಬೆಳಗಿನಿಂದ ಹಬೆಯಲ್ಲಿ ನಿಂತ ನಾಲಿಗೆ, ಮೇಲೆ ಅತ್ತ ಮೂಗು. ಅವರ ಕ್ಯಾಂಟೀನಿನ ಮಾತು ನಿಜವಿತ್ತು. ಆ ಪಾತ್ರೆಗೆ ಇನ್ನೊಬ್ಬರು ಬೇಕಿತ್ತು. ಗಂಡ ಬ್ರೆಡ್ಡು ಹಂಚಲು ಹೋದವನು ಇನ್ನೂ ಬಂದಿರಲಿಲ್ಲ. ಮನೆಯಲ್ಲಿದ್ದವರು ಒಬ್ಬರೇ.

ಮಾವ ಊಟದ ಮೇಜಿನ ಮುಂದೆ, ಹಲ್ಲಿನ ಕಪ್ಪಿನ ಪಕ್ಕ, ಎಂದಿನಂತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಸ್ಟೌವಿನ ಗುಂಡಿ ಯಾವ ಕಡೆ ತಿರುಗಿಸಿದರೆ ಹತ್ತುತ್ತದೆ ಎಂದೂ ಗೊತ್ತಿಲ್ಲದ ಮನುಷ್ಯ.

"ಮಾವ, ಸಾಸ್ ಒಲೆ ಮೇಲಿದೆ" ಎಂದೆ. "ನಾನು ಬಟ್ಟೆ ಒಣಹಾಕಿ ಬರ್ತೀನಿ. ಸ್ವಲ್ಪ ನೋಡ್ಕೊಳ್ಳಿ."

"ನಾನಾ?" ಎಂದರು. "ನನಗೇನು ಗೊತ್ತಮ್ಮ ಅದ್ರ ವಿಷಯ?"

"ಕಡಿಮೆ ಏನಾದ್ರೂ ಅನ್ನಿಸಿದ್ರೆ ಹಾಕಿ. ನನಗೆ ತಿಳೀತಿಲ್ಲ."

ಅವರು ಉತ್ತರ ಕೊಡುವ ಮೊದಲೇ ನಾನು ಗಾಜಿನ ಬಾಗಿಲನ್ನು ತೆರೆದೇ ಬಿಟ್ಟು ಬಾಲ್ಕನಿಗೆ ಬಂದುಬಿಟ್ಟೆ. ಒಣಹಾಕಲು ಬಟ್ಟೆಯೇ ಇರಲಿಲ್ಲ. ನರ್ಸಮ್ಮ ತಮ್ಮ ಬುಟ್ಟಿಯಿಂದ ಎರಡು ಟವೆಲ್ ತೆಗೆದು ಗೋಡೆಯ ಮೇಲಿಂದ ದಾಟಿಸಿದರು. ಅವನ್ನು ಹಗ್ಗಕ್ಕೆ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಒಳಗಿನಿಂದ ಸದ್ದಿಲ್ಲ. ಐದು ನಿಮಿಷವಾಯಿತು. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ತಿರುಗಿ ನೋಡಬೇಕೆನಿಸಿತು, ನೋಡಲಿಲ್ಲ. ಸದ್ದು ಬಾರದಿದ್ದರೆ ಎಷ್ಟು ಹೊತ್ತು ನಿಲ್ಲಬೇಕಾಗುತ್ತದೆ, ಹಾಗೆ ನಿಂತಾಗ ಎದೆಯೊಳಗೆ ಏನಾಗುತ್ತದೆ ಎಂಬುದು ನನಗೆ ಅವತ್ತು ಗೊತ್ತಾಯಿತು. ಹತ್ತು ನಿಮಿಷವಾಗಿರಬೇಕು.

ಕುರ್ಚಿ ಹಿಂದಕ್ಕೆ ಸರಿದ ಸದ್ದು. ಕಾಲೆಳೆಯುವ ಸದ್ದು ಅಡುಗೆಮನೆಯವರೆಗೆ ಹೋಯಿತು, ಪಾತ್ರೆಗೆ ಚಮಚ ತಾಗಿತು. ಆಮೇಲೆ ಕಾಲೆಳೆತ ತಿರುಗಿ ಮೇಜಿನ ಕಡೆ ಬಂತು. ಮುಗಿಯಿತು, ಮತ್ತೆ ಹೋಗಿ ಕೂತರು ಎಂದುಕೊಂಡೆ. ಅಷ್ಟರಲ್ಲಿ ಪಿಂಗಾಣಿ ಕಪ್ಪಿನ ಅಂಚಿಗೆ ಏನೋ ತಗುಲಿ ಟಣ್ ಎಂದಿತು. ನರ್ಸಮ್ಮ ನನ್ನ ಕೈ ಹಿಡಿದುಕೊಂಡರು. ಕಾಲೆಳೆತ ಮತ್ತೆ ಒಲೆಯ ಕಡೆ ಹೋಯಿತು, ಒಂದು ಡಬ್ಬಿಯ ಮುಚ್ಚಳ ಕರಕರನೆ ತಿರುಗಿತು. ತಿರುಗಿಸಿ ತೆಗೆಯುವ ಮುಚ್ಚಳ ಸಕ್ಕರೆ ಡಬ್ಬಿಯದಲ್ಲ. ಅದು ಉಪ್ಪು.

ಗಂಡ ಬಂದ ಮೇಲೆ ಮೂವರೂ ಊಟಕ್ಕೆ ಕೂತೆವು. ಒಂದು ತುತ್ತಿಗೇ ಅವನ ಕಣ್ಣು ಅಗಲವಾಯಿತು. ಮಾವ ಕೈಗೆ ಸಿಕ್ಕ ಸ್ಕ್ರೂವನ್ನೆಲ್ಲಾ ಕೊನೆಯವರೆಗೂ ಬಿಗಿ ಮಾಡಿಯೇ ಅಭ್ಯಾಸವಾದವರು, ಉಪ್ಪನ್ನೂ ಹಾಗೆಯೇ ಹಾಕಿದ್ದರು. ಅವನು ಬಾಯಿ ತೆರೆಯುವ ಮೊದಲೇ ಮೇಜಿನ ಕೆಳಗೆ ಅವನ ಕಾಲು ತುಳಿದೆ. ಮಾವ ತಿನ್ನುತ್ತಿದ್ದರು. ಒಸಡು ಸವೆದು ಸೆಟ್ಟು ಸಡಿಲವಾಗಿತ್ತು, ಅಗಿದಾಗೆಲ್ಲಾ ಟಕ್ ಟಕ್ ಎನ್ನುತ್ತಿತ್ತು. ಕಣ್ಣಿಂದ ನೀರು ಇಳಿದು ಗಲ್ಲದವರೆಗೆ ಬಂದರೂ ಒರೆಸಿಕೊಳ್ಳದೆ ತಿನ್ನುತ್ತಿದ್ದರು. ಅರ್ಧ ತಟ್ಟೆ ಖಾಲಿಯಾದ ಮೇಲೆ ತಲೆ ಎತ್ತಿ, "ಅವಳದ್ದರ ಹಾಗಿಲ್ಲ" ಎಂದರು. ಇನ್ನೊಂದು ತುತ್ತು ನುಂಗಿ, ಮೆಲ್ಲಗೆ, "ಉಪ್ಪು ಸರಿಯಾಗಿದೆಯಾ ಮಗು?" ಎಂದು ಕೇಳಿದರು.

"ಸರಿಯಾಗಿದೆ ಮಾವ" ಎಂದೆ. ನಾನೂ ಎರಡನೇ ಸಲ ಬಡಿಸಿಕೊಂಡೆ. ಇಡೀ ಮಧ್ಯಾಹ್ನ ಮೂವರೂ ನೀರು ಕುಡಿದೆವು.

ಸೋಮವಾರ ಅವರ ಸೆಟ್ಟನ್ನು ಲ್ಯಾಬಿಗೆ ಒಯ್ದು, ಒಳಗೆ ಹೊಸ ಪದರ ಕೂರಿಸಿ, ಸಂಜೆಯೊಳಗೆ ತಂದುಕೊಟ್ಟೆ. ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಎದ್ದು, ಹಣ್ಣಿನ ಸಿಪ್ಪೆ ತೆಗೆದು ಹಿಚುಕಿ, ಎರಡು ಚಮಚ ವಿನೆಗರ್ ಬೆರೆಸಿ ಮುಚ್ಚಿಟ್ಟೆ. ಎಣ್ಣೆ ಬಿಟ್ಟುಕೊಂಡಾಗ ಸಕ್ಕರೆ ಹಾಕಿದೆ. ಉಪ್ಪು ಒಂದು ಚಿಟಿಕೆಯನ್ನೂ ಹಾಕದೆ, ಮಾವನಿಗೆ ಹೇಳಿ, ಒದ್ದೆ ಬಟ್ಟೆಯ ಬಕೆಟ್ ಎತ್ತಿಕೊಂಡು ಬಾಲ್ಕನಿಗೆ ಹೋದೆ.